ಆರಾಧನೆಯ ಪೇಟಿ, ಪಕ್ಕದಲ್ಲೊಬ್ಬ ಗುರು

ಚರ್ಚಿನಲ್ಲಿ ನುಡಿಸುವ ಆಸೆಯಿರುವ ಮಕ್ಕಳಿಗೆ ಹಿರಿಯರು ಹೇಳುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ: ಮೊದಲು ಸಂಗೀತ ಚೆನ್ನಾಗಿ ಕಲಿ, ಆಮೇಲೆ ಪೂಜೆಗೆ ನುಡಿಸುವೆಯಂತೆ. ಕೇಳಲು ಸರಿಯಾಗಿಯೇ ಇದೆ. ಆದರೆ ಬಳ್ಳಾರಿಯ ಕೌಲ್ ಬಜಾರಿನಂಥ ಕಡೆ ಕೆಲಸ ನಡೆಯುವುದು ಹಾಗಲ್ಲ. ವರ್ಷಗಟ್ಟಲೆ ಕೀಬೋರ್ಡ್ ನುಡಿಸಿದವರು ಉದ್ಯೋಗ ಹಿಡಿದು ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತಾರೆ. ಮುಂದಿನ ಭಾನುವಾರ, ನಾಲ್ಕು ಹಾಡು ಹೇಗೋ ನುಡಿಸಬಲ್ಲ ಪಿಯುಸಿ ಹುಡುಗನನ್ನೋ ಹುಡುಗಿಯನ್ನೋ ಅದೇ ಕುರ್ಚಿಯಲ್ಲಿ ಕೂರಿಸುತ್ತಾರೆ. ಕಲಿಕೆ ಮುಗಿಯುವ ಮೊದಲೇ ಸೇವೆ ಹೆಗಲಿಗೆ ಬೀಳುತ್ತದೆ. ಇದನ್ನು ಅನಿವಾರ್ಯ ಕೊರತೆಯೆಂದು ಎಲ್ಲರೂ ಸಹಿಸಿಕೊಳ್ಳುತ್ತಾರೆ. ನನ್ನ ವಾದ ಬೇರೆ. ಆರಾಧನೆಗೆ ನುಡಿಸುವ ವಿದ್ಯೆಯ ಮುಖ್ಯ ಪಾಲು ಆರಾಧನೆಯ ಹೊತ್ತಿನಲ್ಲೇ ಕಲಿಯುವಂಥದ್ದು, ಹೊರಗೆ ಕಲಿತು ಒಳಗೆ ತರುವಂಥದ್ದಲ್ಲ. ಸೇವೆ ಮಾಡುತ್ತಲೇ ಕಲಿಯುವುದರಲ್ಲಿ ತಪ್ಪೇನೂ ಇಲ್ಲ. ಪಕ್ಕದಲ್ಲಿ ತಿದ್ದುವವರಿಲ್ಲದೆ ಒಂಟಿಯಾಗಿ ಕಲಿಯುವುದೇ ತಪ್ಪು. ಆ ತಿದ್ದುವವರನ್ನು ಎಲ್ಲಿ ಹುಡುಕಬೇಕು, ಅವರಿಂದ ಏನನ್ನು, ಯಾವ ಕ್ರಮದಲ್ಲಿ ಕಲಿಯಬೇಕು ಎಂಬುದೇ ಈ ಲೇಖನದ ವಿಷಯ.

ಇಲ್ಲಿ ಎರಡು ವಿದ್ಯೆಗಳಿವೆ. ಒಂದು ವಾದ್ಯದ್ದು: ಬೆರಳು, ಸ್ವರ, ತಾಳ, ಸ್ಟಾಫ್ ನೊಟೇಷನ್ ಓದುವುದು. ಇದಕ್ಕೆ ದಾರಿಗಳು ಸ್ಪಷ್ಟವಾಗಿವೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಎಂಟು ಗ್ರೇಡುಗಳಿವೆ. ನಮ್ಮ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಸಂಗೀತ ಪರೀಕ್ಷೆಗಳಿವೆ. ಇನ್ನೊಂದು ಸಭೆಯನ್ನು ಹಾಡಿಸುವ ವಿದ್ಯೆ. ಸಂಗೀತ ಬಾರದ ಇನ್ನೂರು ಜನ ಒಟ್ಟಿಗೆ ಹಾಡಲು ಯಾವ ಶ್ರುತಿ ಹಿಡಿಯಬೇಕು, ಪಲ್ಲವಿಗೂ ಚರಣಕ್ಕೂ ನಡುವೆ ಉಸಿರಿಗೆ ಎಷ್ಟು ಜಾಗ ಬಿಡಬೇಕು, ಕಾಣಿಕೆಯ ಮೆರವಣಿಗೆ ಪೀಠ ಮುಟ್ಟುವ ಮೊದಲೇ ಹಾಡು ಮುಗಿದರೆ ಏನು ನುಡಿಸಬೇಕು, ಯಾವಾಗ ಕೈ ತೆಗೆದು ಸುಮ್ಮನಿರಬೇಕು. ಯಾವ ಗ್ರೇಡಿನ ಪರೀಕ್ಷಕರೂ ಇದನ್ನು ಕೇಳುವುದಿಲ್ಲ. ಕಥೋಲಿಕರ ಪೂಜಾ ನಿಯಮಗಳ ಪ್ರಕಾರ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ನುಡಿಯಬೇಕು, ತಾವೇ ತಾವಾಗಿ ನುಡಿಯಬಾರದು. ಆ ಕಾಲದ ನಾಲ್ಕನೆಯ ಭಾನುವಾರ ಮತ್ತು ದೊಡ್ಡ ಹಬ್ಬಗಳಿಗೆ ಮಾತ್ರ ವಿನಾಯಿತಿ. ಎಂಟನೇ ಗ್ರೇಡ್ ಮುಗಿಸಿದವರೂ ಇದು ಗೊತ್ತಿಲ್ಲದೆ ತಪಸ್ಸು ಕಾಲದಲ್ಲಿ ಅಬ್ಬರದ ಮುನ್ನುಡಿ ನುಡಿಸಿಬಿಡಬಹುದು. ಮೊದಲ ವಿದ್ಯೆಗೆ ಶಿಕ್ಷಕರು ಸಾಕು. ಎರಡನೆಯದಕ್ಕೆ ಅದೇ ಬೆಂಚಿನಲ್ಲಿ ಕೂತು ಪಳಗಿದವರೇ ಬೇಕು.

ಎರಡನೆಯ ವಿದ್ಯೆ ಸ್ಥಳದಲ್ಲೇ ಕಲಿಯುವಂಥದ್ದು ಯಾಕೆಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಚರ್ಚು 30 ಮೀಟರ್ ಉದ್ದವಿದ್ದರೆ, ಮುಂದೆ ನುಡಿಸಿದ ಸ್ವರ ಹಿಂದಿನ ಬೆಂಚಿಗೆ ಮುಟ್ಟಿ, ಅಲ್ಲಿಯವರ ದನಿ ವಾಪಸು ನುಡಿಸುವವರ ಕಿವಿಗೆ ಬೀಳಲು ಹತ್ತಿರ ಹತ್ತಿರ 0.18 ಸೆಕೆಂಡು ಹಿಡಿಯುತ್ತದೆ. ನಿಮಿಷಕ್ಕೆ 80 ಏಟಿನ ನಡೆಯಲ್ಲಿ ಇದು ಒಂದು ಏಟಿನ ಕಾಲು ಭಾಗದಷ್ಟು. ಹೊಸಬರಿಗೆ ಸಭೆ ತಮ್ಮ ಹಿಂದೆ ಬಿದ್ದಿದೆ ಅನಿಸುತ್ತದೆ, ಕಾಯುತ್ತಾರೆ. ವಾದ್ಯ ಕಾದರೆ ಸಭೆಯೂ ಕಾಯುತ್ತದೆ. ಮೂರನೇ ಚರಣದ ಹೊತ್ತಿಗೆ ಹಾಡು ಅರ್ಧ ವೇಗಕ್ಕೆ ಇಳಿದು, ಹಾಡುವವರ ಉಸಿರೇ ಸಾಲದಾಗುತ್ತದೆ. ಕಿವಿಗೆ ಬೀಳುವುದನ್ನು ಸ್ವಲ್ಪ ನಂಬದೆ, ಒಳಗಿನ ತಾಳವನ್ನು ಹಿಡಿದು ಮುಂದೆ ಸಾಗಬೇಕೆಂಬುದು ಇಲ್ಲಿನ ಗುಟ್ಟು. ಈ ಸಾಲನ್ನು ಯಾರು ಬೇಕಾದರೂ ಓದಬಹುದು. ಎಷ್ಟು ನಂಬಬಾರದೆಂಬ ಅಳತೆ ಮಾತ್ರ ಆಯಾ ಕಟ್ಟಡಕ್ಕೆ, ಆಯಾ ಸೌಂಡ್ ಬಾಕ್ಸಿಗೆ, ಅಂದು ಬಂದ ಜನಕ್ಕೆ ತಕ್ಕಂತೆ ಬದಲಾಗುತ್ತದೆ. ಪಕ್ಕದಲ್ಲಿ ಕೂತವರು ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿ ತೋರಿಸುವುದೇ ಅದನ್ನು ಕಲಿಸುವ ಬಗೆ.

ಬಳ್ಳಾರಿಯಲ್ಲಿ ಇದಕ್ಕೆ ಇನ್ನೊಂದು ಪದರವಿದೆ, ಭಾಷೆಯದು. 1800ರಲ್ಲಿ ನಿಜಾಮರಿಂದ ಕಂಪನಿ ಸರ್ಕಾರದ ಕೈ ಸೇರಿ, ದಂಡಿನ ಊರಾಗಿ ಬೆಳೆದು, 1953ರವರೆಗೆ ಮದ್ರಾಸು ಆಡಳಿತದಲ್ಲಿದ್ದ ನೆಲ ಇದು. ಕನ್ನಡ, ತೆಲುಗು, ತಮಿಳು, ಉರ್ದು ಇಲ್ಲಿ ಒಂದೇ ಬೀದಿಯಲ್ಲಿ ಬೆರೆತಿವೆ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದ್ದು ಈ ಊರಿನಲ್ಲೇ. ಇಲ್ಲಿ ನುಡಿಸುವವರಿಗೆ ಇಂಗ್ಲಿಷ್ ರಾಗಕ್ಕೆ ಕೂರಿಸಿದ ಕನ್ನಡ ಗೀತೆಯೂ ಬರುತ್ತದೆ, ಕರ್ನಾಟಕ ಸಂಗೀತದ ಜಾಡಿನ ತೆಲುಗು ಕೀರ್ತನೆಯೂ ಬರುತ್ತದೆ, ಸಿನಿಮಾ ಗೀತೆಯ ನಡೆಯ ಹೊಸ ಭಕ್ತಿಗೀತೆಯೂ ಬರುತ್ತದೆ. ಮೊದಲ ಬಗೆಯದು ಎಲ್ಲಕ್ಕಿಂತ ಕಷ್ಟ. ಇಂಗ್ಲಿಷ್ ಗೀತೆಗಳ ಪ್ರಸಿದ್ಧ ಮಟ್ಟುಗಳು 8.6.8.6 ಎಂದೋ 8.8.8.8 ಎಂದೋ ಅಕ್ಷರ ಎಣಿಸಿ, ಒತ್ತು ಎಲ್ಲಿ ಬೀಳಬೇಕೆಂದು ನೋಡಿ ಕಟ್ಟಿದವು. ಕನ್ನಡಕ್ಕೆ ಒತ್ತಿಗಿಂತ ಹ್ರಸ್ವ ದೀರ್ಘಗಳು ಮುಖ್ಯ. ಪೂಜೆಯಲ್ಲಿ ಬರುವ ಕುರಿಮರಿಯ ಪ್ರಾರ್ಥನೆಯಲ್ಲಿ ‘ಮ’ಕಾರದ ಮೇಲೆ ಉದ್ದದ ಸ್ವರ ನಿಲ್ಲಿಸಿದರೆ ಮರಿ ಮಾರಿಯಾಗಿಬಿಡುತ್ತದೆ. ಸ್ವರವನ್ನು ಎಲ್ಲಿ ಮೊಟಕು ಮಾಡಬೇಕು, ಅದರ ಉಳಿದ ಕಾಲವನ್ನು ಮುಂದಿನ ಯಾವ ಅಕ್ಷರಕ್ಕೆ ಕೊಡಬೇಕೆಂಬುದು ಯಾವ ಗೀತೆ ಪುಸ್ತಕದಲ್ಲೂ ಅಚ್ಚಾಗಿಲ್ಲ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಈ ತೊಡಕನ್ನು ಬೇಗನೆ ಕಂಡುಕೊಂಡಿರಬೇಕು. 1862ರಲ್ಲಿ ಕ್ರಿಸ್ತನ ಜೀವನವನ್ನು ಕನ್ನಡದ್ದೇ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಪ್ರಕಟಿಸಿದರು. ಹೊರನಾಡಿನಿಂದ ಬಂದವರು ಇಲ್ಲಿನ ಛಂದಸ್ಸಿಗೆ ಶಿಷ್ಯರಾದರೆಂದ ಮೇಲೆ ಇಲ್ಲಿಯೇ ಹುಟ್ಟಿದ ನಾವು ಹಿಂಜರಿಯಬೇಕಿಲ್ಲ.

ಕಲಿಯುವ ಕ್ರಮ ಹೇಗಿರಬೇಕು? ಇದಕ್ಕೆ ನನಗೆ ಒಪ್ಪುವ ಸಾಕ್ಷ್ಯ ಸಿಗುವುದು ಸಂಗೀತಕ್ಕೆ ಸಂಬಂಧವೇ ಇಲ್ಲದ ಕಡೆ, ಪಶ್ಚಿಮ ಆಫ್ರಿಕದ ಲೈಬೀರಿಯದ ದರ್ಜಿಗಳಲ್ಲಿ. ಮಾನವಶಾಸ್ತ್ರಜ್ಞೆ ಜೀನ್ ಲೇವ್ ಈ ದರ್ಜಿಗಳ ನಡುವೆ ಇದ್ದು ಅಧ್ಯಯನ ಮಾಡಿದರು; 1991ರಲ್ಲಿ ಎಟಿಯೆನ್ ವೆಂಗರ್ ಜೊತೆ ಸೇರಿ ಬರೆದ ಪುಸ್ತಕದಲ್ಲಿ ಆ ಅಧ್ಯಯನವನ್ನು ಆಧಾರವಾಗಿ ಬಳಸಿಕೊಂಡರು. ಅಲ್ಲಿ ಶಿಷ್ಯ ಕಲಿಯುವುದು ಬಟ್ಟೆ ತಯಾರಾಗುವ ಕ್ರಮಕ್ಕೆ ತಿರುಗುಮುರುಗಾಗಿ. ಮೊದಲು ಗುಂಡಿ ಹಚ್ಚುವುದು, ಅಂಚು ಮಡಿಸುವುದು, ಇಸ್ತ್ರಿ, ಆಮೇಲೆ ಹೊಲಿಗೆ, ಕಟ್ಟಕಡೆಗೆ ಕತ್ತರಿ. ಹೀಗೆ ಮಾಡುವುದಕ್ಕೆ ಕಾರಣವಿದೆ. ಗುಂಡಿ ತಪ್ಪಿದರೆ ಬಿಚ್ಚಿ ಹಚ್ಚಬಹುದು. ಕತ್ತರಿಸುವಾಗ ತಪ್ಪಿದರೆ ಬಟ್ಟೆಯೇ ಹೋಯಿತು. ಜೊತೆಗೆ, ಗುಂಡಿ ಹಚ್ಚುವ ಹುಡುಗ ಮೊದಲ ದಿನದಿಂದಲೇ ಪೂರ್ತಿಯಾದ ಅಂಗಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ.

ಇದನ್ನು ನಮ್ಮ ಗಾಯನವೃಂದಕ್ಕೆ ಹೊಂದಿಸಿಕೊಳ್ಳಬಹುದು. ಮೊದಲ ಒಂದೆರಡು ತಿಂಗಳು ಶಿಷ್ಯ ವಾದ್ಯದ ಪಕ್ಕ ಕೂತು ಹಾಡಿನ ಪುಟ ತೆಗೆದುಕೊಡಲಿ, ಪ್ರತಿ ಹಾಡಿನ ಶ್ರುತಿಯನ್ನೂ ನಡೆಯನ್ನೂ ಬರೆದುಕೊಳ್ಳಲಿ, ಪೀಠದತ್ತ ಕಣ್ಣಿಟ್ಟು ಫಾದರ್ ಅಥವಾ ಸಭಾಪಾಲಕರು ಮುಂದೆ ಏನು ಮಾಡುತ್ತಾರೆಂದು ಗುರುವಿಗೆ ಸನ್ನೆ ಮಾಡಲಿ. ಇದು ಚಾಕರಿ ಅಲ್ಲ. ಆರಾಧನೆ ಯಾವ ಕ್ರಮದಲ್ಲಿ ಸಾಗುತ್ತದೆಂಬುದು ತಲೆಯಲ್ಲಿ ಕೂರುವುದು ಹೀಗೆಯೇ. ಬಳಿಕ ಚಿಕ್ಕ ಚಿಕ್ಕ ಭಾಗಗಳು: ಆಮೆನ್, ಅಲ್ಲೆಲೂಯ, ಪ್ರತ್ಯುತ್ತರ ಕೀರ್ತನೆಯ ಪಲ್ಲವಿ. ಎರಡು ಸಾಲಿನವು, ವಾರ ವಾರ ಮರಳಿ ಬರುವಂಥವು, ತಪ್ಪಿದರೂ ಸಭೆಯ ದನಿಯೇ ದಾಟಿಸಿಬಿಡುವಂಥವು. ಅದಾದ ಮೇಲೆ ಪರಮಪ್ರಸಾದದ ಹೊತ್ತಿನ ಒಂದು ಹಾಡು. ಜನ ಎದ್ದು ಓಡಾಡುತ್ತಿರುವುದರಿಂದ ಅಲ್ಲಿ ಹೊಸಬರ ಮೇಲೆ ಎಲ್ಲರ ಕಣ್ಣಿರುವುದಿಲ್ಲ. ಪ್ರವೇಶಗೀತೆ ಕೊನೆಗಿರಲಿ. ಸಭೆ ಇನ್ನೂ ಒಂದಾಗಿರದ ಆ ಹೊತ್ತಿನಲ್ಲಿ ಶ್ರುತಿ, ನಡೆ, ಭಾವ ಮೂರನ್ನೂ ಒಮ್ಮೆಗೇ ನಿಶ್ಚಯಿಸಬೇಕಾಗುತ್ತದೆ. ಅದು ಕತ್ತರಿ ಹಿಡಿಯುವ ಕೆಲಸ. ಬಳ್ಳಾರಿಯಲ್ಲಿ ಬಹಳ ಕಡೆ ನಡೆಯುವುದು ಇದಕ್ಕೆ ಪೂರ್ತಿ ಉಲ್ಟಾ: ಮೊದಲ ದಿನವೇ ಇಡೀ ಪೂಜೆಯನ್ನು ಹೊಸಬರ ಕೈಗೆ ಕೊಟ್ಟುಬಿಡುತ್ತಾರೆ.

ಮೊದಲ ಆಕ್ಷೇಪ ಭಕ್ತರ ಕಡೆಯಿಂದ ಬರುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು: ದೇವರ ಸನ್ನಿಧಿ ಅಭ್ಯಾಸ ಮಾಡುವ ಜಾಗವಲ್ಲ, ಒಬ್ಬರ ಕಲಿಕೆಗಾಗಿ ಇನ್ನೂರು ಜನರ ಪ್ರಾರ್ಥನೆ ಕೆಡಬೇಕೇ? ಈ ದೂರು ಮುನ್ನೂರು ವರ್ಷ ಹಳೆಯದು. ಜರ್ಮನಿಯ ಆರ್ನ್‌ಸ್ಟಾಟ್ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಇಪ್ಪತ್ತರ ಹರೆಯದ ಯೋಹಾನ್ ಸೆಬಾಸ್ಟಿಯನ್ ಬಾಖ್ 1705ರ ಕೊನೆಯಲ್ಲಿ ನಾಲ್ಕು ವಾರ ರಜೆ ಪಡೆದು, 400 ಕಿಲೋಮೀಟರಿಗೂ ಹೆಚ್ಚು ದೂರದ ಲ್ಯೂಬೆಕ್‌ಗೆ ಹೋದ. ಅಲ್ಲಿನ ಸೇಂಟ್ ಮೇರಿ ಚರ್ಚಿನ ವೃದ್ಧ ಸಂಗೀತಗಾರ ಬುಕ್ಸ್‌ಟೆಹೂಡೆಯನ್ನು ಕೇಳಿ ಕಲಿಯುವುದು ಅವನ ಉದ್ದೇಶ. ನಾಲ್ಕು ವಾರದ ರಜೆ ನಾಲ್ಕು ತಿಂಗಳ ಹತ್ತಿರಕ್ಕೆ ಬೆಳೆಯಿತು. ಮರಳಿ ಬಂದ ಮೇಲೆ, 1706ರ ಫೆಬ್ರುವರಿಯಲ್ಲಿ, ಚರ್ಚಿನ ಆಡಳಿತ ಅವನನ್ನು ಕರೆಸಿ ವಿಚಾರಿಸಿತು. ರಜೆ ಮೀರಿದ್ದಷ್ಟೇ ದೂರಾಗಿರಲಿಲ್ಲ. ಸಭೆಯ ಹಾಡುಗಳೊಳಗೆ ವಿಚಿತ್ರ ಸ್ವರಗಳನ್ನು ಬೆರೆಸಿ ಜನರನ್ನು ಗೊಂದಲಕ್ಕೆ ತಳ್ಳುತ್ತಾನೆಂಬ ದೂರೂ ಇತ್ತು. ಮೊದಲು ತೀರಾ ಉದ್ದ ನುಡಿಸುತ್ತಿದ್ದವನು, ಹೇಳಿದ ಮೇಲೆ ತೀರಾ ಗಿಡ್ಡ ನುಡಿಸತೊಡಗಿದನೆಂಬುದೂ ದಾಖಲಾಗಿದೆ. ಇದರಲ್ಲಿ ಎರಡೂ ಕಡೆಯವರಿಗೆ ಪಾಠವಿದೆ. ಗುರುವಿನ ಬಳಿಗೆ ಹೋಗದಿದ್ದರೆ ಬಾಖ್ ಬಾಖ್ ಆಗುತ್ತಿರಲಿಲ್ಲವೆಂದು ಸಂಗೀತಗಾರರು ಹೇಳುತ್ತಾರೆ, ಸರಿಯೇ. ಆದರೆ ಸಭೆಯ ದೂರೂ ನ್ಯಾಯವಾದದ್ದೇ. ಗುರು ನಾನೂರು ಕಿಲೋಮೀಟರ್ ದೂರದಲ್ಲಿದ್ದ. ಕಲಿತು ಬಂದದ್ದನ್ನು ಆರ್ನ್‌ಸ್ಟಾಟಿನ ಜನ ಎಷ್ಟರಮಟ್ಟಿಗೆ ತಾಳಿಕೊಳ್ಳಬಲ್ಲರೆಂದು ಅಳೆದು ಹೇಳಲು ಅಲ್ಲಿ ಯಾರೂ ಇರಲಿಲ್ಲ. ಪ್ರಾರ್ಥನೆ ಕೆಡುವುದು ಕಲಿಕೆಯಿಂದಲ್ಲ, ಕಲಿಕೆಯ ಮೇಲೆ ಕಣ್ಣಿಡುವವರಿಲ್ಲದ್ದರಿಂದ. ಶಿಷ್ಯ ಎರಡು ಸಾಲಿನ ಅಲ್ಲೆಲೂಯ ನುಡಿಸುವಾಗ ಗುರುವಿನ ಕೈ ಕೀಲಿಗಳ ಹತ್ತಿರವೇ ಇದ್ದರೆ ಸಭೆಗೆ ತಪ್ಪು ಕೇಳಿಸುವುದೂ ಇಲ್ಲ. ಇನ್ನೊಂದು ವಿಷಯ: ಬಾಖ್ ಹೋಗುವಾಗ ತನ್ನ ಸ್ಥಾನಕ್ಕೆ ಸಂಬಂಧಿಕನೊಬ್ಬನನ್ನು ಬಿಟ್ಟು ಹೋಗಿದ್ದ. ಶಿಬಿರಕ್ಕೋ ಪರೀಕ್ಷೆಗೋ ಹೋಗುವ ನಮ್ಮ ಯುವಕರೂ ಬದಲಿಯನ್ನು ಗೊತ್ತುಮಾಡಿ ಹೋಗಬೇಕು.

ಎರಡನೆಯ ಆಕ್ಷೇಪ ಇಂದಿನದು. ಮೊಬೈಲಿನಲ್ಲಿ ಎಲ್ಲ ಹಾಡುಗಳ ಕಾರ್ಡ್‌ಗಳೂ ಸಿಗುತ್ತವೆ, ಯೂಟ್ಯೂಬಿನಲ್ಲಿ ಬೆರಳಿಟ್ಟು ತೋರಿಸುತ್ತಾರೆ, ಕೀಬೋರ್ಡಿನಲ್ಲೇ ತಾಳವಿದೆ, ಶ್ರುತಿ ಬದಲಿಸಲು ಟ್ರಾನ್ಸ್‌ಪೋಸ್ ಗುಂಡಿಯಿದೆ, ಗುರು ಯಾಕೆ? ವಾದ್ಯದ ವಿದ್ಯೆಗೆ ಇವೆಲ್ಲ ನಿಜವಾಗಿಯೂ ಉಪಕಾರಿ, ಬಿಡಬೇಕಿಲ್ಲ. ಆದರೆ ವೀಡಿಯೊ ತೋರಿಸುತ್ತದೆಯೇ ಹೊರತು ನೀವು ನುಡಿಸಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವನ್ನು ಜನ ‘ಬಹಳ ಹೊತ್ತು ಅಭ್ಯಾಸ ಮಾಡಬೇಕು’ ಎಂಬ ಒಂದೇ ಮಾತಿಗೆ ಇಳಿಸಿಬಿಟ್ಟಿದ್ದಾರೆ. ಅಲ್ಲಿ ಒತ್ತಿ ಹೇಳಿದ್ದು ಎಂಥ ಅಭ್ಯಾಸವೆಂಬುದನ್ನು: ಶಿಕ್ಷಕರು ಕೊರತೆ ಗುರುತಿಸಿ ಅದಕ್ಕೆಂದೇ ಕೊಟ್ಟ ಪಾಠ, ಕೂಡಲೇ ಸಿಗುವ ತಿದ್ದುಪಡಿ. ಟ್ರಾನ್ಸ್‌ಪೋಸ್ ಗುಂಡಿಯನ್ನೇ ನೋಡಿ. ಗುಂಡಿ ಶ್ರುತಿಯನ್ನು ಬದಲಿಸುತ್ತದೆ, ಯಾವ ಶ್ರುತಿಗೆ ಎಂದು ಹೇಳುವುದಿಲ್ಲ. ಸಾಮಾನ್ಯ ಸಭೆ ಸುಖವಾಗಿ ಹಾಡುವುದು ಸುಮಾರು ಒಂದು ಸಪ್ತಕದೊಳಗೆ, ಮಧ್ಯದ ಸಿ ಯಿಂದ ಮೇಲಿನ ಡಿ ವರೆಗೆ. ಬೆಳಿಗ್ಗೆ ಆರರ ಪೂಜೆಗೆ ಗಂಟಲು ಇನ್ನೂ ತೆರೆದಿರುವುದಿಲ್ಲ, ಅರ್ಧ ಮನೆಯೋ ಒಂದು ಮನೆಯೋ ಇಳಿಸಬೇಕು. ಹೊಸಬರು ಗಾಯನವೃಂದದ ಒಳ್ಳೆಯ ದನಿಯೊಂದಕ್ಕೆ ಒಪ್ಪುವ ಶ್ರುತಿ ಹಿಡಿದು, ಬೆಂಚುಗಳು ಯಾಕೆ ಮೌನವಾದವೆಂದು ತಿಳಿಯದೆ ಪರದಾಡುತ್ತಾರೆ.

ಹಾಗಾದರೆ ಗುರು ಎಲ್ಲಿ ಸಿಗುತ್ತಾರೆ? ‘ನಮ್ಮ ಚರ್ಚಿನಲ್ಲಿ ಅಂಥವರು ಯಾರೂ ಇಲ್ಲ’ ಎಂಬುದು ನಿಜವಾದ ತೊಂದರೆ. ಆದರೆ ಹುಡುಕುವ ವಲಯವನ್ನು ನಾವೇ ಕಿರಿದು ಮಾಡಿಕೊಂಡಿದ್ದೇವೆ. ವಾದ್ಯದ ಗುರು ಕ್ರೈಸ್ತರೇ ಆಗಬೇಕಿಲ್ಲ. ಇದು ರಂಗಕಲಾವಿದರಾದ ಬಳ್ಳಾರಿ ರಾಘವರ, ಸುಭದ್ರಮ್ಮ ಮನ್ಸೂರರ ಊರು. ರಂಗಗೀತೆಗೆ ಪೇಟಿ ನುಡಿಸಿ ಪಳಗಿದವರಿಗೆ ನಮಗೆ ಬೇಕಾದ ವಿದ್ಯೆಯ ದೊಡ್ಡ ಪಾಲು ಗೊತ್ತಿರುತ್ತದೆ. ನಟ ಎತ್ತಿದ ಶ್ರುತಿಗೆ ಕ್ಷಣದಲ್ಲಿ ಕೈ ಬದಲಿಸುವುದು, ಹಾಡುವವರ ಉಸಿರನ್ನು ಕಾಯುವುದು, ತಾನು ಮೆರೆಯದೆ ಹಾಡನ್ನು ಎತ್ತಿ ಹಿಡಿಯುವುದು ಕಂಪನಿ ನಾಟಕದ ಪೇಟಿ ಮಾಸ್ತರರ ಕಸುಬೇ ಆಗಿತ್ತು. ರೈಲಿನಲ್ಲಿ ಹೊಸಪೇಟೆ, ಕೊಪ್ಪಳ ದಾಟಿದರೆ ಗದಗ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಜಾತಿ ಮತ ನೋಡದೆ ಸಂಗೀತ ಧಾರೆಯೆರೆದರು. ಆಶ್ರಮಕ್ಕೆ ಆಸರೆಯಾಗಲು ನಡೆಸಿದ ನಾಟಕ ಕಂಪನಿಯಲ್ಲಿ ಸೇವೆಯೂ ಕಲಿಕೆಯೂ ಒಂದೇ ವೇದಿಕೆಯ ಮೇಲೆ ನಡೆದವು. ಆ ಪರಂಪರೆಯಲ್ಲಿ ಕಲಿತವರು ಉತ್ತರ ಕರ್ನಾಟಕದ ಊರೂರಲ್ಲಿದ್ದಾರೆ. ಇಂಥವರ ಬಳಿ ಹೋಗುವಾಗ ಪರಿಭಾಷೆಗೆ ಹೆದರಬೇಕಿಲ್ಲ: ಚರ್ಚಿನ ಹುಡುಗ ಸಿ ಸ್ಕೇಲ್ ಎನ್ನುವುದೂ, ಪೇಟಿ ಮಾಸ್ತರರು ಬಿಳಿ ಒಂದು ಎನ್ನುವುದೂ, ಕರ್ನಾಟಕ ಸಂಗೀತದವರು ಒಂದು ಮನೆ ಶ್ರುತಿ ಎನ್ನುವುದೂ ಒಂದೇ ಸ್ವರ. ತಬಲಾದವರೂ ಗುರುಗಳೇ. 40 ಡಿಗ್ರಿ ದಾಟುವ ನಮ್ಮ ಬೇಸಗೆಯಲ್ಲಿ ಚರ್ಮ ಒಣಗಿ ಬಿಗಿದು ಶ್ರುತಿ ಏರುತ್ತದೆಂದೂ, ಪೂಜೆಗೆ ಮುಂಚೆಯೇ ಅದೇ ಹಾಲ್‌ನಲ್ಲಿ ಕೂತು ಹದ ಮಾಡಿಕೊಳ್ಳಬೇಕೆಂದೂ ಅವರೇ ಹೇಳಿಕೊಡಬೇಕು.

ಆರಾಧನೆಯ ಗುರು ಮಾತ್ರ ಒಳಗಿನವರಾಗಿರಬೇಕು, ಅವರಿಗೆ ವಾದ್ಯ ಬರಲೇಬೇಕೆಂದಿಲ್ಲ. ನಲವತ್ತು ವರ್ಷ ಗಾಯನವೃಂದದಲ್ಲಿ ಹಾಡಿದ ಹಿರಿಯಕ್ಕ, ಪೂಜಾವಿಧಿ ಬಲ್ಲ ಸಿಸ್ಟರ್, ನಿವೃತ್ತ ಕ್ವಾಯರ್ ಮಾಸ್ಟರ್, ಯಾರಾದರೂ ಆಗಬಹುದು. 1963ರ ಡಿಸೆಂಬರಿನಲ್ಲಿ ಹೊರಬಂದ ಎರಡನೇ ವ್ಯಾಟಿಕನ್ ಮಹಾಸಭೆಯ ಆರಾಧನಾ ಸಂವಿಧಾನ ಗಾಯಕರಿಗೆ ಸಂಗೀತದ ಜೊತೆಗೆ ಆರಾಧನೆಯ ತರಬೇತಿಯೂ ಆಗಬೇಕೆಂದಿತು. ಆಯಾ ನಾಡಿನ ಸಂಗೀತ ಪರಂಪರೆಗೆ ತಕ್ಕ ಸ್ಥಾನ ಕೊಡಬೇಕೆಂದೂ ಹೇಳಿತು. ಇಬ್ಬರು ಗುರುಗಳನ್ನು ಇಟ್ಟುಕೊಳ್ಳುವುದು ಈ ಎರಡೂ ಮಾತಿಗೆ ಒಪ್ಪುತ್ತದೆ. ಕೇಳುವಾಗ ‘ಸಂಗೀತ ಕಲಿಸಿಕೊಡಿ ಸರ್’ ಎಂದು ಕೇಳಿದರೆ ಹಿರಿಯರು ಹಿಂಜರಿಯುತ್ತಾರೆ, ಅದು ಮುಗಿಯದ ಹೊರೆಯಂತೆ ಕಾಣುತ್ತದೆ. ಬದಲಿಗೆ, ‘ಅಕ್ಕ, ಈ ತಪಸ್ಸು ಕಾಲದ ಆರು ಭಾನುವಾರ ನನ್ನ ಪಕ್ಕ ಕೂತು, ಪೂಜೆಯಾದ ಮೇಲೆ ಹತ್ತು ನಿಮಿಷ ತಪ್ಪು ಹೇಳುತ್ತೀರಾ?’ ಎಂದು ಕೇಳಿ. ಅವಧಿಯೂ ಕೆಲಸವೂ ಸ್ಪಷ್ಟವಿದ್ದರೆ ಇಲ್ಲವೆನ್ನುವವರು ಕಡಿಮೆ. ತಪ್ಪು ಹೇಳುವುದು ಅಂದೇ ಆಗಬೇಕು, ಎಲ್ಲರೆದುರಲ್ಲಿ ಆಗಬಾರದು. ಒಂದು ಭಾನುವಾರಕ್ಕೆ ಒಂದೇ ತಿದ್ದುಪಡಿ ಸಾಕು, ಹೆಚ್ಚೆಂದರೆ ಎರಡು.

ಗುರುವಿನ ದೋಷಗಳೂ ಶಿಷ್ಯರಿಗೆ ಇಳಿಯುತ್ತವೆ, ಚರ್ಚಿನ ಸಂಗೀತ ಒಬ್ಬರ ಶೈಲಿಯಲ್ಲೇ ಹೂತುಹೋಗುತ್ತದೆ ಎಂಬ ಆಕ್ಷೇಪವೂ ಇದೆ. ಇದು ಎಲ್ಲಕ್ಕಿಂತ ಗಟ್ಟಿಯಾದದ್ದು, ನನ್ನ ಬಳಿ ಇದಕ್ಕೆ ಪೂರ್ತಿ ಉತ್ತರವಿಲ್ಲ. ಗದಗಿನ ಹುಡುಗ ಭೀಮಸೇನ ಜೋಶಿ ಗುರುವನ್ನು ಅರಸಿ ಮನೆ ಬಿಟ್ಟು ಉತ್ತರ ಭಾರತದಲ್ಲೆಲ್ಲ ಅಲೆದು, ಕೊನೆಗೆ 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಬಳಿ ನಿಂತರು. ಬಹಳ ದನಿಗಳನ್ನು ಕೇಳಿ ಬಂದದ್ದರಿಂದ ಒಬ್ಬ ಗುರುವಿನಲ್ಲಿ ನೆಲೆನಿಂತರೂ ಅವರ ಹಾಡಿಕೆ ಬರೀ ನಕಲಾಗಲಿಲ್ಲ. ನಮ್ಮ ಯುವಕರು ಮನೆ ಬಿಡಬೇಕಿಲ್ಲ. ತಿಂಗಳಿಗೊಮ್ಮೆ ಬೇರೆ ಸಭೆಯ ಆರಾಧನೆಗೆ ಹೋಗಿ ಕಿವಿಗೊಟ್ಟು ಕೂತರೆ ಸಾಕು: ಕಥೋಲಿಕರು ಸಿಎಸ್ಐ ಸಭೆಗೆ, ಕನ್ನಡದವರು ತೆಲುಗು ಆರಾಧನೆಗೆ. ಹಾಗೆ ಕೇಳಿದ ಹೊಸದನ್ನು ನೇರ ಪೂಜೆಗೆ ತರದೆ ಮೊದಲು ಗುರುವಿಗೆ ನುಡಿಸಿ ತೋರಿಸಬೇಕು.

ಇನ್ನು ಚರ್ಚಿನ ಪಾಲು. ಸೇವೆಯೆಂಬ ಕಾರಣಕ್ಕೆ ಎಲ್ಲವೂ ಪುಕ್ಕಟೆ ಎಂದುಕೊಳ್ಳುವುದು ಅನ್ಯಾಯ. ಹೊರಗಿನ ಶಿಕ್ಷಕರ ಶುಲ್ಕದ ಒಂದು ಪಾಲನ್ನಾದರೂ ಸಭೆ ಕೊಡಲಿ, ಪರೀಕ್ಷಾ ಶುಲ್ಕ ಕಟ್ಟಲಿ, ಅಭ್ಯಾಸಕ್ಕೆ ವಾರದಲ್ಲಿ ಎರಡು ಸಂಜೆ ಬೀಗ ತೆಗೆಸಲಿ. ಮನೆಯಲ್ಲಿ ವಾದ್ಯವಿಲ್ಲದ ಮಕ್ಕಳಿಗೆ ಈ ಕೊನೆಯದೇ ಎಲ್ಲಕ್ಕಿಂತ ದೊಡ್ಡ ಸಹಾಯ. ಶಿಷ್ಯರು ಹದಿನೆಂಟಕ್ಕಿಂತ ಚಿಕ್ಕವರಾದರೆ ಪಾಠ ತೆರೆದ ಬಾಗಿಲಿನ ಹಾಲ್‌ನಲ್ಲೇ ನಡೆಯಬೇಕು, ಹೊತ್ತು ಹೆತ್ತವರಿಗೆ ಗೊತ್ತಿರಬೇಕು, ಗುರುಸೇವೆಯ ಹೆಸರಿನಲ್ಲಿ ಮನೆಗೆಲಸ ಹೇಳಕೂಡದು. ಇದು ಗುರುವಿನ ಮೇಲಿನ ಅನುಮಾನವಲ್ಲ, ಇಬ್ಬರಿಗೂ ರಕ್ಷಣೆ.

ಶುರುಮಾಡಲು ಒಳ್ಳೆಯ ಕಾಲ ತಪಸ್ಸು ಕಾಲವೇ, ಅಥವಾ ದೊಡ್ಡ ಹಬ್ಬಗಳು ಕಡಿಮೆಯಿರುವ ಜೂನ್ ಜುಲೈ ತಿಂಗಳು. ಹಾಡು ಕಡಿಮೆ, ನಡೆ ನಿಧಾನ, ಅಲಂಕಾರ ಬೇಡ. ಕ್ರಿಸ್ಮಸ್ಸಿಗೆ ಶುರುಮಾಡಿದರೆ ಕ್ಯಾರಲ್ ಗದ್ದಲದಲ್ಲಿ ಗುರುವಿಗೂ ಬಿಡುವಿಲ್ಲ, ಶಿಷ್ಯರಿಗೂ ಕಿವಿಯಿಲ್ಲ. ಒಂದು ಪೂರ್ತಿ ಆರಾಧನಾ ವರ್ಷ, ಅಂದರೆ ಎಲ್ಲ ಕಾಲಗಳೂ ಒಮ್ಮೆ ಸುತ್ತಿ ಬರುವವರೆಗೆ, ಗುರು ಪಕ್ಕದಲ್ಲೇ ಇರಲಿ. ಎರಡನೆಯ ವರ್ಷ ಅವರು ಮೂರನೇ ಬೆಂಚಿಗೆ ಹೋಗಲಿ, ಅಲ್ಲಿಂದ ಸಭೆಯ ದನಿ ಹೇಗೆ ಕೇಳುತ್ತದೆಂದು ತಿಳಿಸಲಿ. ಮಳೆಗಾಲ ಮುಗಿಯುವಷ್ಟರಲ್ಲಿ ಶಿಷ್ಯರ ಪಕ್ಕದಲ್ಲಿ ಪುಟ ತೆಗೆದುಕೊಡಲು ಇನ್ನೂ ಚಿಕ್ಕವರೊಬ್ಬರನ್ನು ಕೂರಿಸಬೇಕು. ಮೊದಲಿನವರಿಗೆ ಪಿಯುಸಿ ಮುಗಿಯುವುದಕ್ಕೆ ಅಷ್ಟರಲ್ಲಿ ಕೆಲವೇ ತಿಂಗಳು ಉಳಿದಿರುತ್ತವೆ.